ಮಕ್ಕಳೇ ಕಟ್ಟುವ ಟೆಂಟ್: 2 ವರ್ಷ, 17 ರಾತ್ರಿ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಈ ಟೆಂಟ್ ತೆಗೆದುಕೊಂಡು 2 ವರ್ಷ ಆಯಿತು. ಇದುವರೆಗೆ ಇದರಲ್ಲಿ 17 ರಾತ್ರಿ ಮಲಗಿದ್ದೇವೆ. ನಾನು, ನನ್ನ ಗಂಡ, ಮಗಳು, ಮಗ. ಆಗ ಮಗಳಿಗೆ 8 ವರ್ಷ, ಮಗನಿಗೆ 5. ಕೊಳ್ಳುವ ಮುಂಚೆ ಓದಿದ ವಿಮರ್ಶೆಗಳಲ್ಲೆಲ್ಲ ತೂಕ ಎಷ್ಟು, ಎಷ್ಟು ಮಳೆ ತಡೆಯುತ್ತದೆ, ಗಾಳಿಗೆ ನಿಲ್ಲುತ್ತದಾ ಅನ್ನುವುದೇ ಇತ್ತು. ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಮೊದಲು ಕೇಳಬೇಕಾದ್ದು ಬೇರೆ ಇದೆ ಅಂತ ನನಗೆ ಈಗ ಅನ್ನಿಸುತ್ತದೆ. ಈ ಟೆಂಟಿನಲ್ಲಿ ಮಕ್ಕಳ ಕೈಗೆ ಏನು ಕೆಲಸ ಸಿಗುತ್ತದೆ? ಒಳಗೆ ಮಲಗಿದಾಗ ಹೊರಗಿನದು ಅವರಿಗೆ ಎಷ್ಟು ಕಾಣುತ್ತದೆ, ಎಷ್ಟು ಕೇಳಿಸುತ್ತದೆ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ನಮೂನೆಯ ಟೆಂಟನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತವೆ, ನಮೂನೆ ಯಾವುದು ಅನ್ನುವುದೇ ಮುಖ್ಯ. ನಮ್ಮದು ಗುಮ್ಮಟದ ಆಕಾರದ್ದು. ಎರಡೇ ಉದ್ದನೆಯ ಪೋಲು, ಅಡ್ಡಡ್ಡ ಬಾಗಿ ಮೇಲೆ ಕೂಡುತ್ತವೆ. ಒಳಗಿನ ಟೆಂಟಿನ ಮೇಲರ್ಧ ಪೂರ್ತಿ ಸೊಳ್ಳೆ ಪರದೆಯಂಥ ಬಲೆ. ಮಳೆಗೆ ಮೇಲಿಂದ ಹೊದಿಸುವ ಬಟ್ಟೆ ಬೇರೆ ಬರುತ್ತದೆ, ಬೇಡವಾದಾಗ ತೆಗೆದಿಡಬಹುದು. ಇಷ್ಟೇ.

ಮೊದಲು ಕಟ್ಟುವ ವಿಷಯ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಎಲ್ಲ ಬದಲಾಗಿದ್ದು ಅಲ್ಲಿಂದಲೇ. ಇದಕ್ಕೂ ಮುಂಚೆ ಒಂದು ಸಲ ಪರಿಚಯದವರಿಂದ ಟೆಂಟ್ ಕೇಳಿ ತಂದಿದ್ದೆವು. ದೊಡ್ಡದು, ಒಳಗೆ ನಿಂತು ಓಡಾಡಬಹುದು, ಎರಡು ಕೋಣೆ. ನಾವಿಬ್ಬರೂ ಬೆವರು ಸುರಿಸಿ ಒಂದು ಗಂಟೆ ಒದ್ದಾಡಿ ಅದನ್ನು ನಿಲ್ಲಿಸಿದೆವು. ಅಷ್ಟು ಹೊತ್ತೂ ಮಕ್ಕಳಿಗೆ ಹೇಳಿದ್ದು ಒಂದೇ ಮಾತು, ದೂರ ಇರಿ, ಮುಟ್ಟಬೇಡಿ. ಅವರು ದೂರವೇ ಉಳಿದರು. ಆಮೇಲೆ ಕರೆದರೂ ಹೊರಗಿನದು ಯಾವುದನ್ನೂ ಮುಟ್ಟುವ ಆಸೆ ಅವರಿಗೆ ಬರಲಿಲ್ಲ, ಮನೆಗೆ ಯಾವಾಗ ಹೋಗೋದು ಅಂತ ಕೇಳುತ್ತಾ ಕೂತರು. ಅದು ಮಕ್ಕಳ ತಪ್ಪಲ್ಲ.

ಈ ಟೆಂಟಿನ ಪೋಲುಗಳು ಸಣ್ಣ ಸಣ್ಣ ತುಂಡು, ಒಳಗೆ ಎಲಾಸ್ಟಿಕ್ ದಾರ ಓಡಿಸಿರುತ್ತಾರೆ. ಒಂದು ತುದಿ ಹಿಡಿದು ಬಿಡಿಸಿದರೆ ಟಕ್ ಟಕ್ ಅಂತ ತುಂಡುಗಳು ತಾವಾಗಿಯೇ ಒಂದರೊಳಗೊಂದು ಕೂರುತ್ತವೆ. ಆ ಸದ್ದು ಕೇಳಿದ್ದೇ ಮಗ ಓಡಿ ಬಂದ. ಅವನಿಗೆ ಕೊಟ್ಟೆವು. ಪ್ರತಿ ಸಂದಿನಲ್ಲೂ ಬೆರಳಿಟ್ಟು, ಪೂರ್ತಿ ಕೂತಿದೆಯಾ ಅಂತ ಒತ್ತಿ ನೋಡುತ್ತಾ ಒಂದೊಂದೇ ತುಂಡು ದಾಟಿ ಕೊನೆಯವರೆಗೆ ಹೋದ. ಇದು ಸುಮ್ನೆ ಕೊಟ್ಟ ಕೆಲಸ ಅಲ್ಲ. ಸಂದು ಪೂರ್ತಿ ಕೂರದೆ ಬಗ್ಗಿಸಿದರೆ ಪೋಲು ಅಲ್ಲೇ ಸೀಳುತ್ತದೆ. ಟೆಂಟ್ ನಿಲ್ಲುವುದು ನಿಜವಾಗಿಯೂ ಅವನ ಕೆಲಸದ ಮೇಲೆ ನಿಂತಿತ್ತು, ಅದು ಅವನಿಗೂ ಗೊತ್ತಿತ್ತು.

ಪೋಲುಗಳಿಗೆ ಬಟ್ಟೆಯನ್ನು ಕೊಕ್ಕೆ ಥರದ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಕೆಲವು ಟೆಂಟುಗಳಲ್ಲಿ ಉದ್ದನೆಯ ಬಟ್ಟೆಯ ಕೊಳವೆಯೊಳಗೆ ಪೋಲು ತೂರಿಸಬೇಕಾಗುತ್ತದೆ. ಅದು ಗಾಳಿಗೆ ಗಟ್ಟಿ ಅಂತಾರೆ, ಆದರೆ ನಡುವೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ತುಂಡು ಬಿಚ್ಚಿಕೊಳ್ಳುತ್ತದೆ, ಮಕ್ಕಳ ಕೈಗೆ ಕಷ್ಟ. ಕ್ಲಿಪ್ ಆದರೆ 5 ವರ್ಷದವನೂ ಹಾಕುತ್ತಾನೆ. ಪೋಲಿನ ತುದಿ, ಅದು ಕೂರುವ ಮೂಲೆ, ಎರಡಕ್ಕೂ ಒಂದೇ ಬಣ್ಣ. ಕೇಸರಿಗೆ ಕೇಸರಿ, ಬೂದಿಗೆ ಬೂದಿ. ಯಾರೋ ಮಕ್ಕಳಿರುವವರೇ ಇದನ್ನು ಯೋಚಿಸಿರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಮೊದಲ ದಿನ 40 ನಿಮಿಷ ಹಿಡಿಯಿತು. ಈಗ ಮಕ್ಕಳಿಬ್ಬರೇ ಕಾಲು ಗಂಟೆಯೊಳಗೆ ನಿಲ್ಲಿಸುತ್ತಾರೆ. ಪೋಲು ಬಗ್ಗಿಸುವಾಗ ಮಾತ್ರ ನಮ್ಮಲ್ಲೊಬ್ಬರು ಪಕ್ಕದಲ್ಲಿ ನಿಲ್ಲುತ್ತೇವೆ, ಚಿಮ್ಮಿ ಮುಖಕ್ಕೆ ಹೊಡೆಯಬಾರದು ಅಂತ.

ಕೊಳ್ಳುವವರು ಒಂದು ನೋಡಿಕೊಳ್ಳಿ. ಪೋಲು ಅಲ್ಯೂಮಿನಿಯಂದೇ ಇರಲಿ. ಫೈಬರ್‌ಗ್ಲಾಸ್ ಪೋಲು ಹಳೆಯದಾಗಿ ಸೀಳಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು ಅಂಗೈಗೆ ಚುಚ್ಚುತ್ತವೆ. ಆ ಹಳೆಯ ದೊಡ್ಡ ಟೆಂಟಿನ ಪೋಲು ಹಿಡಿದು ನನ್ನ ಕೈಗೇ ಚುಚ್ಚಿತ್ತು, ಎರಡು ದಿನ ಉರಿ. ಮಕ್ಕಳ ಕೈಗೆ ಅದು ಬೇಡ.

ಗೂಟಗಳ ಚೀಲ ಮಗನದು. ಒಟ್ಟು 14 ಗೂಟ. ತುದಿ ಟೆಂಟಿನ ಕಡೆಗೆ, ತಲೆ ಟೆಂಟಿನಿಂದ ಆಚೆಗೆ ವಾಲುವ ಹಾಗೆ ಓರೆಯಾಗಿ ಹೊಡೆಯಬೇಕು, ಆಗ ಹಗ್ಗ ಎಳೆದಷ್ಟೂ ಕಿತ್ತು ಬರುವುದಿಲ್ಲ. ಇದನ್ನು ಒಮ್ಮೆ ಹೇಳಿಕೊಟ್ಟದ್ದು ಅಷ್ಟೇ. ಆಮೇಲೆ ಒಂದು ಗೂಟ ಕಲ್ಲಿಗೆ ತಾಗಿ ಒಳಗೆ ಹೋಗದಿದ್ದಾಗ ಅವನೇ ಪಕ್ಕದಲ್ಲಿ ಇನ್ನೊಂದು ಕಡೆ ಚುಚ್ಚಿ ನೋಡಿದ, ಅಲ್ಲಿ ಮಣ್ಣು ಮೆತ್ತಗಿತ್ತು. ಇಲ್ಲಿ ಯಾಕೆ ಮೆತ್ತಗೆ, ಅಲ್ಲಿ ಯಾಕೆ ಗಟ್ಟಿ ಅಂತ ಕೇಳಿದ. ಹುಲ್ಲಿನ ಬೇರು, ಎರೆಹುಳದ ಬಿಲ, ನೆರಳು ಬಿಸಿಲು ಎಲ್ಲ ಮಾತಿಗೆ ಬಂತು. ಮಣ್ಣಿನ ಬಗ್ಗೆ ಯಾವ ಪುಸ್ತಕ ತೋರಿಸಿದ್ದರೂ ಅವನು ಅಷ್ಟು ಹೊತ್ತು ಕೂರುತ್ತಿರಲಿಲ್ಲ. ಹೊರಡುವಾಗ ಎಣಿಸುವುದೂ ಅವನೇ. ಒಮ್ಮೆ 13 ಬಂತು. ಉಳಿದ ಒಂದಕ್ಕೆ ಎಲ್ಲರೂ ಮಂಡಿಯೂರಿ ಹುಲ್ಲು ಸವರಿ ಹುಡುಕಿದೆವು. ಬರಿಗಾಲಲ್ಲಿ ಬರುವ ಇನ್ನೊಬ್ಬರ ಮಗುವಿಗೋ ಮೇಯಲು ಬರುವ ಪ್ರಾಣಿಗೋ ಚುಚ್ಚೀತು ಅಂತ ಅವನಿಗೆ ಹೇಳಿದ್ದೆ, ಅದಕ್ಕೇ ಅವನು ಏಳಲೇ ಇಲ್ಲ. ಅರ್ಧ ಗಂಟೆ ಆದಮೇಲೆ ಸಿಕ್ಕಿತು.

ಗೂಟಗಳ ಗುಣಮಟ್ಟ ಮಾತ್ರ ಚೆನ್ನಾಗಿಲ್ಲ. ಟೆಂಟಿನ ಜೊತೆ ಬಂದದ್ದು ತೆಳ್ಳಗಿನ ಕಂಬಿ, ಗಟ್ಟಿ ನೆಲಕ್ಕೆ ಎರಡೇ ಪೆಟ್ಟಿಗೆ ಬಗ್ಗಿದವು. ಮೂರು ಅಂಚಿನ ಗಟ್ಟಿ ಗೂಟ ಬೇರೆ ತರಬೇಕಾಯಿತು. ಇಷ್ಟು ಚೆನ್ನಾಗಿ ಟೆಂಟ್ ಮಾಡಿದವರು ಗೂಟದಲ್ಲಿ ಯಾಕೆ ಉಳಿಸಲು ಹೋದರೋ.

ಜಾಗ. 4 ಜನರ ಟೆಂಟ್ ಅಂತ ಬರೆದಿರುತ್ತಾರೆ. ಅಗಲ 240 ಸೆಂಟಿಮೀಟರ್. ಅಂದರೆ ಒಬ್ಬೊಬ್ಬರಿಗೆ 60, ಅಷ್ಟೇ. ನಾಲ್ಕು ದೊಡ್ಡವರು ಮಲಗಿದರೆ ಮಗ್ಗುಲು ಬದಲಿಸಲು ಆಗುವುದಿಲ್ಲ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಸರಿ. ಚೀಲಗಳಿಗೆ ಒಳಗೆ ಜಾಗ ಇಲ್ಲ, ಬಾಗಿಲ ಮುಂದಿನ ಮರೆಯಲ್ಲಿ ಇಡುತ್ತೇವೆ. ಶೂಗಳೂ ಅಲ್ಲೇ, ಬೆಳಿಗ್ಗೆ ಹಾಕುವ ಮುಂಚೆ ತಲೆಕೆಳಗೆ ಮಾಡಿ ಕೊಡವುವುದು ರೂಢಿ.

ಈಗ ಮಳೆ. ಹೊರ ಹೊದಿಕೆಗೆ 3000 ಮಿಲಿಮೀಟರ್ ಅಂತ ಬರೆದಿತ್ತು. ಇದು ಎಷ್ಟು ಮಳೆ ಬಂದರೆ ತಡೆಯುತ್ತದೆ ಅನ್ನುವ ಲೆಕ್ಕ ಅಲ್ಲ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆ ಬಟ್ಟೆಯ ಮೇಲೆ 3000 ಮಿಲಿಮೀಟರ್, ಅಂದರೆ 3 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೂ ತೊಟ್ಟಿಕ್ಕುವುದಿಲ್ಲ ಅಂತ ಅರ್ಥ. ನೆಲದ ಬಟ್ಟೆಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಏಕೆಂದರೆ ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಆ ಒಂದು ಜಾಗದಲ್ಲೇ ಭಾರ ಬೀಳುತ್ತದೆ.

ಮೂರನೇ ಸಲ ಹೋದಾಗ ರಾತ್ರಿ ಚೆನ್ನಾಗಿ ಮಳೆ ಹೊಡೆಯಿತು. ಒಂದು ಗಂಟೆ ಸುಮಾರಿಗೆ ಮಗಳು ಎಬ್ಬಿಸಿದಳು. ಅಮ್ಮ, ಕೆಳಗೆ ನೀರು ಅಲುಗಾಡ್ತಿದೆ ಅಂದಳು. ಕೈ ಒತ್ತಿದರೆ ನೆಲದ ಬಟ್ಟೆಯ ಕೆಳಗೆ ನೀರು ಜಾರುತ್ತಿತ್ತು, ಒಂದು ಮೂಲೆಯಲ್ಲಿ ಒಳಗೂ ಜಿನುಗಿತ್ತು. ಟೆಂಟ್ ಸರಿ ಇಲ್ಲ ಅಂದುಕೊಂಡೆವು. ಬೆಳಿಗ್ಗೆ ನೋಡಿದರೆ ತಪ್ಪು ಟೆಂಟಿನದಲ್ಲ. ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಶೀಟ್ ಟೆಂಟಿಗಿಂತ ಒಂದು ಗೇಣು ಆಚೆಗೆ ಚಾಚಿತ್ತು. ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ನೇರ ನಮ್ಮ ಕೆಳಗೆ ಬಂದಿತ್ತು. ಕೆಳಗಿನ ಶೀಟ್ ಯಾವತ್ತೂ ಟೆಂಟಿನ ನೆಲಕ್ಕಿಂತ ಒಂದು ಸುತ್ತು ಚಿಕ್ಕದಾಗಿರಬೇಕು, ಹೆಚ್ಚಾದದ್ದನ್ನು ಒಳಕ್ಕೆ ಮಡಚಬೇಕು. ಮಗಳೇ ಒಂದು ಲೋಟ ನೀರು ತಂದು ಹೊದಿಕೆಯ ಮೇಲೆ ಸುರಿದು, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಕೂತು ನೋಡಿ ಇದನ್ನು ಕಂಡುಹಿಡಿದಳು. ಆಮೇಲೆ ಎಷ್ಟೋ ಮಳೆ ಬಂದಿದೆ, ನೆಲದಿಂದ ಒಂದು ಹನಿ ಒಳಗೆ ಬಂದಿಲ್ಲ.

ಇದರ ಜೊತೆಗೇ ಇನ್ನೊಂದು. ಮಳೆಯೇ ಇಲ್ಲದ ರಾತ್ರಿ ಕೂಡ ಬೆಳಿಗ್ಗೆ ಹೊದಿಕೆಯ ಒಳಮೈ ಒದ್ದೆಯಾಗಿರುತ್ತದೆ. ಟೆಂಟ್ ಸೋರುತ್ತದೆ ಅಂತ ವಾಪಸ್ ಕಳಿಸುವವರಿದ್ದಾರೆ. ಸೋರುವುದಲ್ಲ ಅದು, ನಮ್ಮದೇ ಉಸಿರು. ನಾಲ್ಕು ಜನ ರಾತ್ರಿಯಿಡೀ ಬಿಟ್ಟ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ಹನಿ ಕಟ್ಟುತ್ತದೆ. ಮಗ ಆ ಹನಿಗಳ ಮೇಲೆ ಬೆರಳಿನಿಂದ ಗೀಚುತ್ತಾ, ಇದರಲ್ಲಿ ನನ್ನ ಉಸಿರು ಯಾವುದು, ಅಕ್ಕಂದು ಯಾವುದು ಅಂತ ಕೇಳಿದ. ಹೊರಗೆ ಹುಲ್ಲಿನ ಮೇಲಿನ ಇಬ್ಬನಿ ತೋರಿಸಿದೆ. ಅದೂ ಹಾಗೇ ಆಗಿದ್ದಾ ಅಂದ. ಗಾಳಿಯಲ್ಲಿರುವ ಆವಿ ತಣ್ಣಗಿನ ಹುಲ್ಲಿಗೆ ತಾಗಿ ಹನಿ ಆಗಿದೆ, ಹಾಗೇ. ಮೇಲಿನ ಗಾಳಿಕಿಂಡಿಗಳನ್ನು ತೆರೆದಿಟ್ಟರೆ ಒದ್ದೆ ಕಡಿಮೆ ಆಗುತ್ತದೆ. ಚಳಿ ಅಂತ ಎಲ್ಲ ಮುಚ್ಚಿಬಿಡಬೇಡಿ. ಒಳಗೆ ಒಲೆ, ಕೆಂಡ ಏನನ್ನೂ ಉರಿಸಲೇಬಾರದು, ಆರುತ್ತಿರುವ ಕೆಂಡವನ್ನೂ ಒಳಗೆ ಇಡಬಾರದು. ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ಮಲಗಿದವರು ಏಳುವುದಿಲ್ಲ.

ಇನ್ನು ನನಗೆ ಈ ಟೆಂಟಿನಲ್ಲಿ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. ಆಕಾಶ ಶುಭ್ರವಾಗಿದ್ದ ರಾತ್ರಿ ಹೊರ ಹೊದಿಕೆ ತೆಗೆದುಬಿಡುತ್ತೇವೆ. ಉಳಿಯುವುದು ಬಲೆ ಮಾತ್ರ. ಸೊಳ್ಳೆ ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ಗಾಳಿ, ಹುಲ್ಲಿನ ವಾಸನೆ, ದೂರದ ಗೂಬೆ, ನಕ್ಷತ್ರ. ಮಗಳಿಗೆ ಕತ್ತಲು ಅಂದರೆ ಭಯ ಇತ್ತು, ಮನೆಯಲ್ಲಿ ಸಣ್ಣ ದೀಪ ಇಲ್ಲದೆ ಮಲಗುತ್ತಿರಲಿಲ್ಲ. ಮೊದಲ ರಾತ್ರಿ ನನ್ನ ತೋಳು ಬಿಡಲಿಲ್ಲ. ಟಾರ್ಚ್ ಹಚ್ಚು ಅಂತ ಹತ್ತು ಸಲ ಅಂದಳು. ಸ್ವಲ್ಪ ಹೊತ್ತು ನೋಡೋಣ ಅಂತ ಹಾಗೇ ಮಲಗಿದೆವು. ಕಣ್ಣು ಕತ್ತಲೆಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಬಿಳಿ ಬೆಳಕು ಬಿತ್ತೋ, ಮತ್ತೆ ಮೊದಲಿಂದ. ಕಾಯುತ್ತಾ ಕಾಯುತ್ತಾ ಮೊದಲು ಬಲೆಯ ಎಳೆ ಕಂಡಿತು, ಆಮೇಲೆ ಮರದ ಅಂಚು, ಆಮೇಲೆ ಅಪ್ಪನ ಮೂಗು. ಇಷ್ಟು ಬೆಳಕು ಎಲ್ಲಿಂದ ಬಂತು ಅಂತ ಅವಳೇ ಕೇಳಿದಳು. ಕೃತ್ತಿಕೆ ತೋರಿಸಿದೆ. ನೇರ ನೋಡಿದರೆ ಮಸುಕಾಗುತ್ತದೆ, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಇಟ್ಟರೆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುತ್ತವೆ. ಅವಳು ಆರು ಎಣಿಸಿದಳು. ಆಮೇಲೆ ನನ್ನ ತೋಳು ಬಿಟ್ಟದ್ದು ಅವಳಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ತೆಳು ಗೋಡೆಯ ಇನ್ನೊಂದು ಲಾಭ ಕಿವಿಗೆ. ರಾತ್ರಿ ಕೂಗುವ ಜೀರುಂಡೆಗಳು ಸೆಖೆ ಇದ್ದಾಗ ಬೇಗ ಬೇಗ, ತಂಪಾದಂತೆ ನಿಧಾನವಾಗಿ ಕೂಗುತ್ತವೆ. 1897ರಲ್ಲಿ ಅಮೋಸ್ ಡಾಲ್ಬೇರ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಸೂತ್ರ ಬರೆದಿದ್ದರು. ಅದನ್ನು ಸೆಲ್ಸಿಯಸ್ಸಿಗೆ ಇಳಿಸಿದರೆ ಲೆಕ್ಕ ಸುಲಭ. 8 ಸೆಕೆಂಡಿನಲ್ಲಿ ಎಷ್ಟು ಕೂಗು ಅಂತ ಎಣಿಸಿ 5 ಕೂಡಿಸಿದರೆ ಆಗಿನ ಉಷ್ಣಾಂಶ ಸಿಗುತ್ತದೆ. ಎಲ್ಲ ಜಾತಿಗೂ ಇದು ಹೊಂದುವುದಿಲ್ಲ, ಒಂದೇ ಸಮನೆ ಗುಂಯ್ ಅನ್ನುವವನ್ನು ಎಣಿಸಲೂ ಆಗುವುದಿಲ್ಲ. ಆದರೆ ಒಂದು ಸಲ ಟೆಂಟಿನ ಹತ್ತಿರವೇ ಬಿಟ್ಟು ಬಿಟ್ಟು ಕೂಗುವ ಒಂದು ಸಿಕ್ಕಿತು. ಮಗಳು ಒಂಬತ್ತು ಗಂಟೆಗೆ 17 ಎಣಿಸಿದಳು, ಬೆಳಗಿನ ಜಾವ ತಾನೇ ಎದ್ದು 12. 5 ಕೂಡಿಸಿದರೆ 22, 17 ಡಿಗ್ರಿ, ಹೊರಗೆ ತೂಗುಹಾಕಿದ್ದ ಥರ್ಮಾಮೀಟರ್ ಹತ್ತಿರ ಹತ್ತಿರ ಅಷ್ಟೇ ತೋರಿಸುತ್ತಿತ್ತು. ಆ ಎರಡು ಅಂಕಿಗಳನ್ನು ಅವಳು ಪುಸ್ತಕದಲ್ಲಿ ಬರೆದು ಸುತ್ತ ಚೌಕ ಹಾಕಿದ್ದಾಳೆ. ದಪ್ಪ ಗೋಡೆಯ, ಎಲ್ಲ ಮುಚ್ಚಿದ ಟೆಂಟಿನಲ್ಲಿ ಇದು ಕೇಳಿಸುತ್ತಿರಲಿಲ್ಲ.

ಟೆಂಟಿನ ಜೊತೆಗೆ ಒಂದೇ ಒಂದು ಸಾಮಾನು ಕೊಳ್ಳಿ ಅಂದರೆ, ಮಕ್ಕಳಿಗೊಂದೊಂದು ತಲೆಗೆ ಕಟ್ಟುವ ಹೆಡ್‌ಲ್ಯಾಂಪ್ ಅನ್ನುತ್ತೇನೆ. ಕೆಂಪು ಬೆಳಕು ಇರುವುದನ್ನೇ ನೋಡಿ. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಾಗುವುದಿಲ್ಲ, ಹೊಂದಿಕೊಂಡ ಕಣ್ಣು ಹಾಗೇ ಉಳಿಯುತ್ತದೆ. ಬಿಳಿ ಬೆಳಕಿಗೂ ಒಂದು ಕೆಲಸ ಇದೆ. ಅದನ್ನು ಹಣೆಯ ಮೇಲೆ, ಕಣ್ಣಿಗೆ ಹತ್ತಿರವಾಗಿ ಕಟ್ಟಿಕೊಂಡು ಹುಲ್ಲಿನ ಮೇಲೆ ದೂರಕ್ಕೆ ನೋಡಿದರೆ ಅಲ್ಲಲ್ಲಿ ಹಸಿರು ಬೆಳ್ಳಿ ಬಣ್ಣದ ಚುಕ್ಕಿ ಮಿನುಗುತ್ತದೆ. ಇಬ್ಬನಿಯೂ ಮಿನುಗುತ್ತದೆ, ಆದರೆ ತಲೆ ಅಲುಗಾಡಿಸಿದರೆ ಇಬ್ಬನಿಯ ಹೊಳಪು ಹಾರಾಡುತ್ತದೆ. ಈ ಚುಕ್ಕಿ ಅಲುಗಾಡದೆ ನಿಮ್ಮನ್ನೇ ನೋಡುತ್ತಿರುತ್ತದೆ. ಮಗ ಅದರಿಂದ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಹೋದ. ಬಗ್ಗಿ ನೋಡಿದರೆ ಜೇಡ! ಬಲೆ ಕಟ್ಟದೆ ನೆಲದ ಮೇಲೆ ಓಡಾಡಿ ಬೇಟೆ ಹಿಡಿಯುವ ಜಾತಿ, ವುಲ್ಫ್ ಸ್ಪೈಡರ್ ಅನ್ನುತ್ತಾರೆ. ಬೆಕ್ಕಿನ ಕಣ್ಣಿನ ಹಾಗೆ ಅದರ ಕಣ್ಣಿನ ಹಿಂದೆಯೂ ಕನ್ನಡಿಯಂಥ ಪದರ ಇದೆ, ಬಂದ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಅದಕ್ಕೇ ದೀಪ ಕಣ್ಣಿನ ಹತ್ತಿರ ಇರಬೇಕು, ಕೈಯಲ್ಲಿ ಕೆಳಗೆ ಹಿಡಿದ ಟಾರ್ಚಿಗೆ ಕಾಣುವುದಿಲ್ಲ. ನಾವು ಕಂಡದ್ದು ತಾಯಿ ಜೇಡ. ಬೆನ್ನಿನ ಮೇಲೆ ರಾಶಿ ಮರಿಗಳನ್ನು ಹೊತ್ತುಕೊಂಡಿತ್ತು, ಮರಿಗಳ ಕಣ್ಣೂ ಸಣ್ಣ ಸಣ್ಣದಾಗಿ ಮಿನುಗುತ್ತಿದ್ದವು. ಮಗ ಉಸಿರು ಹಿಡಿದು ನಿಂತಿದ್ದ. ಪಿಸುಗುಟ್ಟಿ, ಅಮ್ಮ ಲೈಟ್ ಆರಿಸೋಣ, ಅದಕ್ಕೆ ತೊಂದರೆ ಆಗ್ತಿರಬಹುದು ಅಂದ. ಮನೆಯಲ್ಲಿ ಜೇಡ ಕಂಡರೆ ಚೀರುತ್ತಿದ್ದ ಹುಡುಗ ಅವನು. ಆರಿಸಿದೆವು.

ಸ್ಲೀಪಿಂಗ್ ಬ್ಯಾಗ್ ಬಗ್ಗೆ ಎರಡು ಮಾತು. ಮೇಲೆ ಬರೆದಿರುವ ಉಷ್ಣಾಂಶದ ಅಂಕಿ ದೊಡ್ಡವರ ಲೆಕ್ಕದ್ದು, ಐಎಸ್ಒ 23537 ಅನ್ನುವ ಮಾನದಂಡ ಮಕ್ಕಳ ಬ್ಯಾಗುಗಳಿಗೆ ಅನ್ವಯಿಸುವುದಿಲ್ಲ. ಮಕ್ಕಳಿಗೆ ಅದನ್ನು ನಂಬಬೇಡಿ, ಒಂದು ಹೊದಿಕೆ ಜಾಸ್ತಿ ಇರಲಿ. ಮೇಲಿನ ಚಳಿಗಿಂತ ಕೆಳಗಿನ ನೆಲ ಮೈಯ ಶಾಖ ಹೆಚ್ಚು ಎಳೆಯುತ್ತದೆ, ಹಾಗಾಗಿ ಕೆಳಗಿನ ಮ್ಯಾಟ್‌ನಲ್ಲಿ ಕಡಿಮೆ ಮಾಡಬೇಡಿ.

ಟೆಂಟ್ ಎಷ್ಟೇ ಚೆನ್ನಾಗಿರಲಿ, ಸಿಡಿಲಿಗೆ ಆಸರೆ ಅಲ್ಲ. ಮಿಂಚು ಕಂಡ ಕೂಡಲೇ ಗುಡುಗಿನವರೆಗೆ ಎಣಿಸಿ. 3 ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಗುಡುಗು ಕೇಳಿಸಿತು ಅಂದರೇ ಅಪಾಯದ ಹತ್ತಿರ ಇದ್ದೇವೆ ಅಂತ. ನಾವು ಎರಡು ಸಲ ಎಲ್ಲ ಬಿಟ್ಟು ಕಾರಿನಲ್ಲಿ ಹೋಗಿ ಕೂತೆವು, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಇಳಿಯಲಿಲ್ಲ. ಗಡಿಯಾರ ನೋಡುವ ಕೆಲಸ ಮಗಳದ್ದು, ಒಂದು ನಿಮಿಷ ಮುಂಚೆಯೂ ಬಾಗಿಲು ತೆಗೆಯಲು ಬಿಡಲಿಲ್ಲ.

ಕೊರತೆಗಳು ಇವೆ. ಬಾಗಿಲಿನ ಜಿಪ್ ಒಳಮಡಿಕೆಯ ಬಟ್ಟೆ ಕಚ್ಚಿಕೊಳ್ಳುತ್ತದೆ, ಅರ್ಧ ನಿದ್ದೆಯಲ್ಲಿ ಹೊರಗೆ ಹೋಗಬೇಕಾದ ಮಗುವಿಗೆ ಅದು ದೊಡ್ಡ ಕಷ್ಟ. ಒಂದು ಕೈಯಲ್ಲಿ ಬಟ್ಟೆ ಬಿಗಿ ಹಿಡಿದು ಇನ್ನೊಂದರಲ್ಲಿ ಎಳೆಯಬೇಕು. ಮಳೆಯಲ್ಲಿ ಬಾಗಿಲು ತೆರೆದರೆ ಹೊದಿಕೆಯ ನೀರು ಒಳಗೆ ತೊಟ್ಟಿಕ್ಕುತ್ತದೆ. ತೂಕ 4 ಕಿಲೋ ಮೇಲಿದೆ, ಹೊತ್ತು ದೂರ ನಡೆಯುವವರಿಗೆ ಇದು ಬೇಡ. ಮಡಚಿ ತುಂಬುವ ಚೀಲ ತೀರಾ ಬಿಗಿ. ಒದ್ದೆಯಾಗಿದ್ದರೆ ಮನೆಗೆ ಬಂದ ದಿನವೇ ಬಿಚ್ಚಿ ನೆರಳಲ್ಲಿ ಒಣಗಿಸಲೇಬೇಕು. ನಾವು ಒಂದು ಸಲ ನಾಲ್ಕು ದಿನ ಬಿಟ್ಟೆವು, ಬೂಷ್ಟು ಹಿಡಿದು ಒಂದು ಮೂಲೆಯಲ್ಲಿ ಕಪ್ಪು ಚುಕ್ಕಿ ಹಾಗೇ ಉಳಿದಿದೆ.

ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟ್ ತೆಗೆದುಕೊಳ್ಳಲಾ ಅಂತ ಗೆಳತಿಯೊಬ್ಬಳು ಕೇಳಿದಳು. ಬೇಡ ಅಂದೆ. ಅದರಲ್ಲಿ ಮಕ್ಕಳಿಗೆ ಮಾಡಲು ಏನೂ ಇರುವುದಿಲ್ಲ. ಬರುವುದು, ಒಳಗೆ ಹೋಗುವುದು ಅಷ್ಟೇ. ಅದರ ಬದಲು ಇಂಥದ್ದನ್ನು ತಂದು ಮೊದಲು ಮನೆಯಂಗಳದಲ್ಲೇ ಒಂದು ರಾತ್ರಿ ಮಲಗಿ ನೋಡಿ. ನಡುರಾತ್ರಿ ಬೇಡ ಅನ್ನಿಸಿದರೆ ಎದ್ದು ಒಳಗೆ ಹೋಗಬಹುದು ಅಂತ ಗೊತ್ತಿದ್ದರೆ ಮಕ್ಕಳು ಧೈರ್ಯವಾಗಿ ಮಲಗುತ್ತಾರೆ. ನಮ್ಮವರು ಮೊದಲ ಸಲ ಹಾಗೆ ಎದ್ದು ಹೋದರು. ಎರಡನೇ ಸಲ ಹೋಗಲಿಲ್ಲ.

ಜಾಗ ಆರಿಸುವುದು ಈಗ ಮಗಳ ಪಾಲಿಗೆ ಬಂದಿದೆ. ಮೊದಲು ತಲೆಯೆತ್ತಿ ಮೇಲೆ ಒಣಗಿದ ಕೊಂಬೆ ಇದೆಯಾ ನೋಡುತ್ತಾಳೆ. ಆಮೇಲೆ ನೀರು ನಿಲ್ಲುವ ತಗ್ಗಾ, ಇರುವೆಯ ಸಾಲಾ ಅಂತ. ಕೆರೆ ಹೊಳೆ ಇದ್ದರೆ 60 ಮೀಟರ್ ಆಚೆಗೆ ಹೆಜ್ಜೆ ಎಣಿಸಿ ಹೋಗುತ್ತಾಳೆ, ನೀರಿಗೆ ಬರುವ ಪ್ರಾಣಿಗಳಿಗೆ ದಾರಿ ಬಿಡಬೇಕು ಅಂತ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ, ಬೆನ್ನಿಗೆ ಕಲ್ಲು ಒತ್ತುತ್ತದಾ ನೋಡಿ, ಇಲ್ಲೇ ಅನ್ನುತ್ತಾಳೆ.

ಇನ್ನೊಮ್ಮೆ ಕೊಳ್ಳಬೇಕಾದರೂ ಇದನ್ನೇ ಕೊಳ್ಳುತ್ತೇನೆ, ಗೂಟ ಬೇರೆ ತೆಗೆದುಕೊಂಡು. ಮುಂದಿನ ವಾರ ಮತ್ತೆ ಹೊರಟಿದ್ದೇವೆ. ಗೂಟದ ಚೀಲ ಮಗನ ಮಂಚದ ಕೆಳಗಿದೆ. ನಿನ್ನೆ ಎಲ್ಲ ನೆಲದ ಮೇಲೆ ಸಾಲಾಗಿ ಜೋಡಿಸಿ, ಒರೆಸಿ ಒರೆಸಿ ಒಳಗೆ ಹಾಕಿದ. 14 ಇವೆ.